ಬಾಗಿಲು ಮುಚ್ಚಿದವರೂ ಬೆನ್ನು ತಿರುಗಿಸಿದವರೂ

ಸೂರ್ಯಗ್ರಹಣವಾದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಎರಡು ಚಿತ್ರಗಳು ಬರುವುದು ವಾಡಿಕೆ. ಒಂದು, ಬಾಗಿಲು ಹಾಕಿ ಬೀಗ ಜಡಿದ ದೇವಸ್ಥಾನದ್ದು. ಇನ್ನೊಂದು, ಯಾವುದೋ ಚೌಕದಲ್ಲಿ ಫಲಕ ಹಿಡಿದು ನಿಂತು ಗ್ರಹಣದ ನಡುಗಾಲದಲ್ಲೇ ತಿಂಡಿ ತಿನ್ನುತ್ತಿರುವ ವಿಚಾರವಂತರದ್ದು. ಹಲವು ಗ್ರಹಣಗಳಿಂದ ಇವೆರಡನ್ನೂ ನೋಡುತ್ತ ಬಂದ ನನಗೆ ಒಂದು ಸಂಗತಿ ತಡವಾಗಿ ಹೊಳೆಯಿತು. ಮೊದಲ ಚಿತ್ರದಲ್ಲಿ ಆಕಾಶವೇ ಇರುವುದಿಲ್ಲ. ಎರಡನೆಯದರಲ್ಲಿ ಆಕಾಶವೇನೋ ಇರುತ್ತದೆ. ಆದರೆ ಅಲ್ಲಿ ನಿಂತ ಮಹನೀಯರೆಲ್ಲ ಅದಕ್ಕೆ ಬೆನ್ನು ಮಾಡಿ ಕ್ಯಾಮರಾದ ಕಡೆ ಮುಖ ಮಾಡಿರುತ್ತಾರೆ. ಸೂರ್ಯನಿಗೆ ಏನಾಯಿತೆಂಬುದನ್ನು ಈ ಇಬ್ಬರಲ್ಲಿ ಯಾರನ್ನೂ ಕೇಳಿ ತಿಳಿಯುವಂತಿಲ್ಲ.

ಇದನ್ನು ಜಗಳದ ಮಾತಾಗಿ ಬರೆಯಬೇಕೆಂದು ನನಗಿರಲಿಲ್ಲ. ಈಚೆಗೆ ಒಂದು ವಿಚಾರಗೋಷ್ಠಿಯಲ್ಲಿ ನಡೆದ ಪ್ರಸಂಗ ಇದನ್ನು ಬರೆಯಿಸುತ್ತಿದೆ. ಮುಖ್ಯ ಭಾಷಣಕಾರರು ನಾಡಿನಲ್ಲಿ ಹೆಸರಾದವರು, ಬಲ್ಲವರು, ಸೊಗಸಾದ ಮಾತುಗಾರರು. ಜನರ ನಂಬಿಕೆಗಳ ವಿಷಯ ಎತ್ತಿಕೊಂಡು ಗ್ರಹಣಕ್ಕೆ ಬಂದರು. “ಗ್ರಹಣದ ಬಗ್ಗೆ ನಮ್ಮ ಜನದ ಅನುಭವವಾದರೂ ಯಾವುದು? ಭಯ. ಸಾವಿರ ವರ್ಷ ತಡಕಿದರೂ ನಿಮಗೆ ಭಯವಲ್ಲದೆ ಬೇರೊಂದು ಸಿಕ್ಕುವುದಿಲ್ಲ” ಎಂದರು. ಚರ್ಚೆಗೆ ಅವಕಾಶ ಕೊಟ್ಟಾಗ ನಾನು ಎದ್ದು ನಿಂತು ನಮ್ಮ ಅವ್ವನ ಸಂಗತಿ ಹೇಳಿದೆ. ಅದನ್ನು ಇಲ್ಲಿಯೂ ಹೇಳಬೇಕು. ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿಯ ಬೆನ್ನಿಗೆ ಬಂದ ಅಮಾವಾಸ್ಯೆ. ಆ ದಿನ ಮಧ್ಯಾಹ್ನ ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಕಾರವಾರದ ದಂಡೆಗೆ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದು ಆಂಧ್ರದ ಕಡೆಗೆ ಹೋಯಿತು. ಖಗ್ರಾಸ ಗ್ರಹಣ, ನಡುಗೆರೆಯ ಆಸುಪಾಸಿನ ಊರುಗಳಲ್ಲಿ ಸುಮಾರು ಎರಡೂವರೆ ನಿಮಿಷ ಸೂರ್ಯ ಪೂರ್ತಿ ಮರೆಯಾಗಿದ್ದ. ನಮ್ಮ ಮನೆ ಗದಗಿನಲ್ಲಿ. ಅವ್ವ ಬಸುರಿ, ಹೊಟ್ಟೆಯಲ್ಲಿದ್ದವನು ನಾನು. ಬಸುರಿ ಹೆಂಗಸಿನ ಮೇಲೆ ಗ್ರಹಣದ ನೆರಳು ಬೀಳಬಾರದೆಂದು ಅಜ್ಜಿ ಅವಳನ್ನು ಊಟಕ್ಕಿಂತ ಮೊದಲೇ ಕಾಳಿನ ಕೋಣೆಯಲ್ಲಿ ಕೂಡಿಸಿ, ಪಡುವಣ ಕಿಟಕಿಯ ಕದವಿಕ್ಕಿ, ಸಂದಿಗೊಂದಿಗೆಲ್ಲ ಹಳೆಯ ಅರಿವೆ ತುರುಕಿ, ಹೊರಗಿನಿಂದ ಚಿಲಕ ಹಾಕಿದರು. ಹಣ್ಣು ಕೊಯ್ಯಬೇಡ, ಸೂಜಿ ಮುಟ್ಟಬೇಡ, ಕೈಕಾಲು ಮಡಚಬೇಡ ಎಂಬ ಕಟ್ಟಪ್ಪಣೆಗಳು ಬೇರೆ. ಆದರೆ ಕಿಟಕಿಯ ಕದದಲ್ಲಿ ಒಂದು ಮೊಳೆ ಬಿದ್ದುಹೋದ ತೂತಿತ್ತು. ಅದು ಅಜ್ಜಿಯ ಕಣ್ಣಿಗೆ ಬಿದ್ದಿರಲಿಲ್ಲ.

ಅವ್ವ ಅದನ್ನು ನನಗೆ ಹೇಳಿದ್ದು ನನಗೆ ಮೂವತ್ತು ದಾಟಿದ ಮೇಲೆ. “ಎದುರಿಗೆ ಜ್ವಾಳದ ಚೀಲ ಒಟ್ಟಿದ್ರು. ಅದರ ಮ್ಯಾಲ ಒಂದು ಬೆಳಕಿನ ಬಿಲ್ಲಿ ಬಿದ್ದಿತ್ತು, ರೂಪಾಯಿ ಅಷ್ಟು. ಬ್ಯಾರೆ ಏನ್ ಮಾಡ್ಲಿ, ಅದನ್ನ ನೋಡಕೋತ ಕುಂತೆ. ಬರಬರತಾ ಒಂದು ಕಡಿ ಸವೀತು. ಕುಡಗೋಲಿನಂಗ ಆತು. ಆಮ್ಯಾಲ ಎಳಿ ಅಷ್ಟ ಉಳೀತು. ಆಮ್ಯಾಲ ದೀಪ ಆರಿದಂಗ ಆರಿಹೋತು. ಕಾಗಿ ಒದರೂದೂ ನಿಂತಿತು. ಮತ್ತ ಹೊಳ್ಳಿ ಬಂತು ನೋಡು, ಈ ಸಲ ಆ ಕಡಿ ಮಾರಿ ಮಾಡಿ.” ಯಾಕವ್ವಾ, ಇಷ್ಟು ದಿನ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. “ನನ್ನ ಯಾರ ಕೇಳ್ಯಾರ? ನೀ ಕೇಳಿದಿ, ಹೇಳಿದೆ” ಎಂದಳು. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದಳು. ನೋಡಬಾರದ್ದನ್ನು ನೋಡಿಬಿಟ್ಟೆನೆಂದು ಅಂದಿನಿಂದ ನಾನು ಹುಟ್ಟುವವರೆಗೆ, ನಾಲ್ಕು ತಿಂಗಳು, ಒಳಗೊಳಗೇ ನಡುಗಿದ್ದಳಂತೆ. ಸೂಲಗಿತ್ತಿ ನನ್ನನ್ನು ಎತ್ತಿ ಕೊಟ್ಟಾಗ ಗಂಡೋ ಹೆಣ್ಣೋ ಎಂದು ನೋಡುವ ಮೊದಲು ತುಟಿ ಸೀಳಿದೆಯೋ, ಮೈಮೇಲೆ ಎಲ್ಲಾದರೂ ಕುಡುಗೋಲಿನ ಗುರುತಿದೆಯೋ ಎಂದು ತಡವಿ ನೋಡಿದಳಂತೆ.

ಇಷ್ಟನ್ನು ನಾನು ಗೋಷ್ಠಿಯಲ್ಲಿ ಹೇಳಿ ಕುಳಿತೆ. ಭಾಷಣಕಾರರು ಮುಗುಳ್ನಕ್ಕರು. “ಮೇಷ್ಟ್ರು ಬಹಳ ಒಳ್ಳೆಯ ಉದಾಹರಣೆ ಒದಗಿಸಿದರು. ನಾಲ್ಕು ತಿಂಗಳು ಒಬ್ಬ ತಾಯಿ ಭಯದಲ್ಲಿ! ನಾನು ಹೇಳಿದ್ದೂ ಅದನ್ನೇ” ಎಂದರು. ಸಭೆ ಚಪ್ಪಾಳೆ ತಟ್ಟಿತು.

ಚೀಲದ ಮೇಲಿನ ಕುಡುಗೋಲು ಅವರಿಗೆ ಕೇಳಿಸಲೇ ಇಲ್ಲ. ಸ್ವಾಮಿ, ಕಿರಿದಾದ ತೂತಿನಿಂದ ಕತ್ತಲೆ ಕೋಣೆಗೆ ಬಿದ್ದ ಸೂರ್ಯನ ಬೆಳಕು ತೂತಿನ ಆಕಾರವನ್ನಲ್ಲ, ಸೂರ್ಯನ ಆಕಾರವನ್ನೇ ಎದುರಿನ ಗೋಡೆಯ ಮೇಲೆ ಮೂಡಿಸುತ್ತದೆ, ಅದೂ ತಲೆಕೆಳಗಾಗಿ. ಹತ್ತು ಅಡಿ ದೂರಕ್ಕೆ ಆ ಬಿಂಬ ಒಂದು ಅಂಗುಲಕ್ಕಿಂತ ತುಸು ದೊಡ್ಡದಿರುತ್ತದೆ. ಎಂದರೆ ಆ ಕಾಲದ ರೂಪಾಯಿ ನಾಣ್ಯದಷ್ಟೇ. ಗ್ರಹಣ ನೋಡುವುದಕ್ಕೆ ಕಣ್ಣಿಗೆ ಎಳ್ಳಷ್ಟೂ ಅಪಾಯವಿಲ್ಲದ ದಾರಿಯೆಂದು ಇಂದು ಖಗೋಳದವರು ಶಾಲೆಯ ಮಕ್ಕಳಿಗೆ ಕಲಿಸುವುದು ಇದನ್ನೇ. ಆ ದಿನ ಗದಗಿನಲ್ಲಿ ಗ್ರಹಣವನ್ನು ಸರಿಯಾದ ಕ್ರಮದಲ್ಲಿ, ಸ್ಪರ್ಶದಿಂದ ಮೋಕ್ಷದವರೆಗೆ ಕಣ್ಣು ಕೀಳದೆ ನೋಡಿದ ಕೆಲವೇ ಜನರಲ್ಲಿ ನೋಡಬಾರದೆಂದು ಕೂಡಿಹಾಕಲ್ಪಟ್ಟ ಹೆಂಗಸೊಬ್ಬಳಿದ್ದಳು. ಕಂಡದ್ದನ್ನು ಕಂಡಂತೆ ನೆನಪಿಟ್ಟಳು. ಮರಳಿ ಬಂದ ಕುಡುಗೋಲು ಆ ಕಡೆಗೆ ಮುಖ ಮಾಡಿತ್ತೆಂಬ ಸೂಕ್ಷ್ಮವನ್ನೂ ಬಿಡಲಿಲ್ಲ. ಅವಳ ಈ ಕಾಣ್ಕೆಯನ್ನು ಅತ್ತೆ ಚಿಲಕ ಹಾಕಿ ಮುಚ್ಚಿದರು. ನಲವತ್ತು ವರ್ಷಗಳ ಮೇಲೆ ವಿದ್ವಾಂಸರು ಚಪ್ಪಾಳೆಯಿಂದ ಮುಚ್ಚಿದರು. ನನ್ನ ಜಗಳ ಈ ಇಬ್ಬರ ಮೇಲೂ.

ಮೊದಲು ಚಿಲಕದವರ ವಿಷಯ. ಶಾಸ್ತ್ರದಲ್ಲಿದೆ, ನೋಡಕೂಡದು ಎಂದು ಗದರುವವರು ಆ ಶಾಸ್ತ್ರವನ್ನು ಓದಿದಂತೆ ಕಾಣುವುದಿಲ್ಲ. ನಮ್ಮ ಧರ್ಮಶಾಸ್ತ್ರದ ನಿಬಂಧಕಾರರು ಗ್ರಹಣದ ಸ್ನಾನ, ದಾನ, ಜಪಗಳನ್ನು ಕಣ್ಣಿಗೆ ಕಾಣುವ ಗ್ರಹಣಕ್ಕೆ ಕಟ್ಟಿಟ್ಟಿದ್ದಾರೆ. ಇವತ್ತಿನ ಪಂಚಾಂಗವನ್ನೇ ತೆಗೆದು ನೋಡಿ: ಅಮೆರಿಕದಲ್ಲೋ ಅಂಟಾರ್ಕ್ಟಿಕದಲ್ಲೋ ಕಾಣುವ ಗ್ರಹಣದ ಮುಂದೆ, ಭಾರತದಲ್ಲಿ ಗೋಚರವಿಲ್ಲ, ಆದ್ದರಿಂದ ಆಚರಣೆಯಿಲ್ಲ ಎಂದು ಅಚ್ಚು ಹಾಕಿರುತ್ತಾರೆ. ಎಂದ ಮೇಲೆ ಆಚರಣೆಗೆ ಆಧಾರ ದರ್ಶನ. ಯಾರೋ ಒಬ್ಬರು ಹೊರಗೆ ನಿಂತು, ಹಿಡಿಯಿತು, ಬಿಟ್ಟಿತು ಎಂದು ನೋಡಿ ಹೇಳದಿದ್ದರೆ ಒಳಗಿನವರ ಸ್ನಾನಕ್ಕೇ ಗತಿಯಿಲ್ಲ. ನಮ್ಮ ಅಜ್ಜಿಯ ಮನೆಯಲ್ಲೂ ಅಂದು ಹಾಗೆ ಹೊರಗೆ ನಿಂತವರಿದ್ದರು, ಗಂಡಸರು. ನೋಡುವ ಹಕ್ಕು ಯಾರದು, ಕೋಣೆ ಯಾರದು ಎಂಬ ಹಂಚಿಕೆಗೆ ಶಾಸ್ತ್ರದ ಹೆಸರು ಒಂದು ಹೊದಿಕೆ, ಅಷ್ಟೆ.

ನಮ್ಮ ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಚಾಲುಕ್ಯರಿಂದ ವಿಜಯನಗರದವರೆಗೆ ಎಷ್ಟು ದತ್ತಿಗಳು ಸೂರ್ಯಗ್ರಹಣ ನಿಮಿತ್ತವಾಗಿ ಧಾರಾಪೂರ್ವಕ ಕೊಟ್ಟವು! ತುಂಗಭದ್ರೆಯ ದಂಡೆಗೋ ಕೃಷ್ಣೆಯ ದಂಡೆಗೋ ದಂಡು ಪರಿವಾರ ಸಮೇತ ಹೊರಟುಹೋಗಿ, ಬಯಲಿನಲ್ಲಿ ನಿಂತು, ನೀರಿನಲ್ಲಿಳಿದು ಊರುಗಳನ್ನೇ ದಾನ ಮಾಡಿದ ಅರಸರು ಗ್ರಹಣದ ದಿನ ಮನೆ ಸೇರಿಕೊಂಡವರಲ್ಲ. ಫ್ಲೀಟ್, ಕೀಲ್‌ಹಾರ್ನ್ ಮೊದಲಾದವರು ಈ ಗ್ರಹಣಗಳ ಲೆಕ್ಕ ಹಿಡಿದೇ ನಮ್ಮ ರಾಜವಂಶಗಳ ಕಾಲವನ್ನು ಎಷ್ಟೋ ಕಡೆ ನಿಲ್ಲಿಸಿಕೊಟ್ಟರು. ಹಾಗೆಂದು ಶಾಸನದವರೆಲ್ಲ ಕಣ್ಣಾರೆ ಕಂಡು ಬರೆದವರೆಂದು ನಾನು ಹೇಳಲಾರೆ. ಲೆಕ್ಕ ಹಾಕಿ ನೋಡಿದರೆ ಕೆಲವು ಶಾಸನಗಳು ಹೇಳುವ ಗ್ರಹಣ ನಡೆದದ್ದು ನಿಜ, ಆದರೆ ನಮ್ಮ ನಾಡಿನಲ್ಲಿ ಕಾಣಿಸುವಂತಿರಲಿಲ್ಲ. ಕರಣಿಕ ಜೋಯಿಸನನ್ನು ಕೇಳಿ ತಿಥಿ ತುಂಬಿದ, ಮುಗಿಯಿತು. ತಲೆ ಎತ್ತಿ ನೋಡದೆ ಬರೆಯುವ ಜಾಣತನ ನಮ್ಮ ಪತ್ರಿಕಾ ವರದಿಗಾರರಿಂದ ಆರಂಭವಾದದ್ದಲ್ಲ.

ಆರ್ಯಭಟ 499ರಲ್ಲೇ ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಹೇಳಿಬಿಟ್ಟಿದ್ದ. ವರಾಹಮಿಹಿರನೂ ರಾಹುವನ್ನು ಕಾರಣವೆಂದು ಒಪ್ಪಲಿಲ್ಲ. ಬ್ರಹ್ಮಗುಪ್ತನಿಗೆ ಗಣಿತ ಚೆನ್ನಾಗಿ ಗೊತ್ತು, ನೆರಳಿನ ಅಳತೆ ಹಾಕುವುದೂ ಗೊತ್ತು. ಆದರೂ ಶ್ರುತಿಸ್ಮೃತಿಗಳ ಪಕ್ಷ ಹಿಡಿದು ರಾಹುವನ್ನು ಕಾಪಾಡಿದ. ಮುಂದೆ ಅಲ್ಬೆರೂನಿ ಬಂದು, ಇಷ್ಟು ಬಲ್ಲವನು ಹೀಗೇಕೆ ಮಾತನಾಡಿದ ಎಂದು ಬೆರಗುಪಟ್ಟು ಬರೆದಿಟ್ಟಿದ್ದಾನೆ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವ ವಿದ್ಯೆಗೆ ನಮ್ಮಲ್ಲಿ ಪರಂಪರೆಯ ಬಲವಿದೆ. ಇಂದು ದೂರದರ್ಶನದ ವಾಹಿನಿಗಳಲ್ಲಿ ಕುಳಿತು ಹನ್ನೆರಡು ರಾಶಿಗಳಿಗೆ ಹನ್ನೆರಡು ಬಗೆಯ ಭಯ ಹಂಚುವವರನ್ನು ಬ್ರಹ್ಮಗುಪ್ತನ ಸಾಲಿನಲ್ಲಿ ಕೂಡಿಸಿದರೆ ಅವನಿಗೆ ಅವಮಾನ. ಅವನಿಗೆ ಲೆಕ್ಕವಾದರೂ ಬರುತ್ತಿತ್ತು.

ಒನಕೆಯ ಪವಾಡವೊಂದಿದೆ. ಗ್ರಹಣ ಹಿಡಿದಾಗ ತಟ್ಟೆಯಲ್ಲಿ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದರೆ ನಿಲ್ಲುತ್ತದೆ, ಗ್ರಹಣ ಬಿಟ್ಟೊಡನೆ ಬೀಳುತ್ತದೆ ಎಂದು ಅದರ ಚಿತ್ರಗಳು ಓಡಾಡುತ್ತವೆ. ನಮ್ಮ ಮನೆಯ ಒನಕೆಯನ್ನು ಒಂದು ಬುಧವಾರ ನಿಲ್ಲಿಸಿದೆ. ಯಾವ ಗ್ರಹಣವೂ ಇರಲಿಲ್ಲ. ನಿಂತಿತು. ಸಾಯಂಕಾಲ ಹೆಂಡತಿ ಬಂದು, ಇದನ್ನು ನಡುಮನೆಯಲ್ಲಿ ಯಾರು ನಿಲ್ಲಿಸಿದ್ದು ಎಂದು ಗದರುವವರೆಗೂ ನಿಂತೇ ಇತ್ತು.

ನಗುವುದಕ್ಕೆ ಒಂದು ಎಲ್ಲೆಯುಂಟು. 2019ರ ಡಿಸೆಂಬರ್ 26ರ ಬೆಳಗ್ಗೆ, ಮಂಗಳೂರು, ಕೊಡಗುಗಳ ಮೇಲೆ ಸೂರ್ಯ ಬಂಗಾರದ ಕಂಕಣವಾಗಿ ಹೊಳೆಯುತ್ತಿದ್ದ ಹೊತ್ತಿನಲ್ಲಿ, ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆಗುಂಡಿಯಲ್ಲಿ ಹೂತಿದ್ದರು. ಗ್ರಹಣಕಾಲದಲ್ಲಿ ಹೀಗೆ ಹೂತರೆ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಚಿತ್ರಗಳು ದೇಶಕ್ಕೆಲ್ಲ ತಲುಪಿದವು. ಅಳುವ ಆ ಮುಖಗಳನ್ನು ನೋಡಿದ ಮೇಲೆ, ಜನಪದ, ಸಂಸ್ಕೃತಿ, ಅವರವರ ನಂಬಿಕೆ ಎಂದೆಲ್ಲ ಮೃದುವಾಗಿ ಮಾತನಾಡುವುದು ನನ್ನಿಂದಾಗದು. ಅದು ಮಕ್ಕಳಿಗೆ ಮಾಡಿದ ಹಿಂಸೆ, ಅದನ್ನು ತಡೆಯಬೇಕು, ತಡೆಯದ ಊರಿಗೆ ನಾಚಿಕೆಯಾಗಬೇಕು. ಇಂಥ ಕಡೆ ನಿಂತು ಬೈಸಿಕೊಂಡು, ಕೆಲವೊಮ್ಮೆ ಹೊಡೆಸಿಕೊಂಡು ಕೆಲಸ ಮಾಡಿದ ವಿಚಾರವಾದಿಗಳ ಋಣ ನಮ್ಮೆಲ್ಲರ ಮೇಲಿದೆ. ಆದರೆ ಮಗುವನ್ನು ಗುಂಡಿಗಿಳಿಸಿದ ತಾಯಿಯನ್ನು ಯಾರಾದರೂ ಕೂಡಿಸಿಕೊಂಡು, ಇದಕ್ಕೆ ಮುಂಚೆ ಎಷ್ಟು ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿದೆ ತಾಯೀ ಎಂದು ಕೇಳಬೇಕಿತ್ತು ಎಂದೂ ಅನ್ನಿಸುತ್ತದೆ.

ಇನ್ನು ತಿಂಡಿಯವರು. ಇವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ತಿಂದರೆ ಏನೂ ಆಗುವುದಿಲ್ಲವೆಂದು ತಿಂದು ತೋರಿಸಿದರೆ ನಂಬುವ ಜನ ನಮ್ಮಲ್ಲಿದ್ದಾರೆ. ಆದರೆ ಒಂದು ಪ್ರಶ್ನೆ. ಇವರು ಯಾವ ಗಳಿಗೆಯಲ್ಲಿ ತಿನ್ನಬೇಕೆಂದು ಗೊತ್ತುಮಾಡಿದವರು ಯಾರು? ಪಂಚಾಂಗದ ಶಾಸ್ತ್ರಿಗಳು. ಶಾಸ್ತ್ರಿಗಳು ಉಪವಾಸವೆಂದ ಹೊತ್ತಿಗೆ ಇವರು ಊಟವೆಂದರು. ಶಾಸ್ತ್ರಿಗಳು ಮೌನವೆಂದಾಗ ಇವರು ಭಾಷಣವೆಂದರು. ಎದುರಾಳಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡೇ ಇವರ ವಿಚಾರಕ್ಕೆ ರೂಪ ಬರುವುದಾದರೆ, ಮೂರು ಗಂಟೆಯ ಕಾಲ ತಲೆಯ ಮೇಲೆ ನಡೆದ ಸಂಗತಿಗೆ ಇವರಲ್ಲಿ ಏನು ಜಾಗ ಉಳಿಯಿತು? ಜನ ಏನು ಕಂಡರು ಎಂದು ಇವರೂ ಕೇಳುವುದಿಲ್ಲ. ಏನು ನಂಬಿದರು ಎಂದು ಮಾತ್ರ ಕೇಳುತ್ತಾರೆ, ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು.

ಜನರನ್ನು ಕೇಳದೆ ಬಿಡುವ ಈ ಅಭ್ಯಾಸಕ್ಕೆ ಮುಲ್ಕಿ ಮುದ್ರೆ ಸಾಹೇಬರ ಕಾಲದಲ್ಲೇ ಬಿತ್ತು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣ ವಿಜ್ಞಾನದ ಚರಿತ್ರೆಯಲ್ಲಿ ಹೆಸರಾದದ್ದು. ಫ್ರೆಂಚ್ ವಿದ್ವಾಂಸ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದ. ನಮ್ಮ ಕಡೆ ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್; ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಶ್ರಾವಣದ ಮೋಡ ಜಮಖಂಡಿಯ ಮೇಲೆ ಸರಿದಾಡುತ್ತಿತ್ತು. ಮೋಡ ಬಿಟ್ಟುಕೊಟ್ಟ ಸಂದಿನಲ್ಲಿ ಹರ್ಷೆಲ್ ವರ್ಣದರ್ಶಕಕ್ಕೆ ಕಣ್ಣಿಟ್ಟು, ಸೂರ್ಯನ ಅಂಚಿನಿಂದೆದ್ದ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಮೂರು ಗೆರೆಗಳನ್ನು ಕಂಡ. ಆ ನಡುವಿನ ಗೆರೆಯ ಗುಟ್ಟು ಬಿಡಿಸುತ್ತ ಹೋದಾಗಲೇ ಹೀಲಿಯಂ ಎಂಬ ಹೆಸರು ಹುಟ್ಟಿದ್ದು; ಭೂಮಿಯ ಮೇಲೆ ಅದು ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ಇಷ್ಟು ದೊಡ್ಡ ಕತೆಯ ಒಂದು ಎಳೆ ಜಮಖಂಡಿಯ ಬಯಲಿನಲ್ಲಿದೆ. ಆದರೆ ವರದಿ ಹೋದದ್ದು ಲಂಡನ್ನಿನ ರಾಯಲ್ ಸೊಸೈಟಿಗೆ. ಸಾಹೇಬರ ಗುಡಾರದ ಹಗ್ಗ ಬಿಗಿದವನು, ನೀರು ತಂದವನು, ದೂರದಲ್ಲಿ ದನ ಬಿಟ್ಟುಕೊಂಡು ನಿಂತವನು ಆ ಐದಾರು ನಿಮಿಷ ಏನು ಕಂಡ ಎಂಬುದು ಯಾವ ಸೊಸೈಟಿಗೆ ಬೇಕಿತ್ತು?

ಮೂರು ವರ್ಷಗಳ ಮೇಲೆ, 1871ರ ಡಿಸೆಂಬರ್ 12ರಂದು, ಲಾಕಿಯರ್ ತನ್ನ ತಂಡದೊಡನೆ ಬೇಕಲ ಕೋಟೆಯಲ್ಲಿ ನಿಂತ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯ ಊರು. ಗ್ರಹಣ ಹಿಡಿಯುತ್ತಿದ್ದಂತೆ ಊರವರು ಸೂರ್ಯನನ್ನು ಬಿಡಿಸಲು ಬೆಂಕಿ ಹಾಕಿದರು, ಅದರ ಹೊಗೆ ದೂರದರ್ಶಕಗಳಿಗೆ ಅಡ್ಡ ಬರುವಂತಾಯಿತು, ಕಾವಲಿನವರು ಓಡಿಹೋಗಿ ಆರಿಸಬೇಕಾಯಿತು ಎಂದು ಆ ದಿನದ ಕತೆ. ಓದಿದವರು ನಗುತ್ತಾರೆ, ನಾನೂ ನಕ್ಕೆ. ಆದರೆ ಬೆಂಕಿ ಹಾಕಿದವರೂ ಹೊರಗೇ ಇದ್ದರಲ್ಲ! ಸೂರ್ಯನಿಗೆ ಕಷ್ಟ ಬಂದಿದೆ, ನಮ್ಮಿಂದ ಏನಾದರೂ ಆದೀತೆಂದು ಓಡಾಡಿದವರು ಅವರು. ಅದನ್ನು ಬರಿಯ ಭಯವೆಂದು ಕರೆದರೆ ಕನ್ನಡದಲ್ಲಿ ಬೇರೆ ಶಬ್ದಗಳಿಗೆ ಕೆಲಸವೇ ಇಲ್ಲದಂತಾಗುತ್ತದೆ.

ಬೇರೆ ಬಗೆಯಲ್ಲಿ ನಡೆದುಕೊಂಡವರು ಆ ಕಾಲದಲ್ಲೇ ಒಬ್ಬರಿದ್ದರು. ಮದರಾಸಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು. 1868ರ ಗ್ರಹಣವನ್ನು ವನಪರ್ತಿಯಲ್ಲಿ ನಿಂತು ನೋಡಿದವರು. ಕಣ್ಣಿಗೆ ಕಂಡದ್ದಕ್ಕೆ ಹೊಂದುವಂತೆ ಪಂಚಾಂಗವನ್ನು ತಿದ್ದಬೇಕೆಂದು ಹೆಣಗಿದವರು. 1874ರಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ದಾಟಿಹೋಗುವುದೆಂದು ತಿಳಿಸಲು ಅವರು ಬರೆದ ಪುಸ್ತಕ ಕನ್ನಡದಲ್ಲೂ ಅಚ್ಚಾಯಿತು. ಅದು ಸಂವಾದದ ರೂಪದಲ್ಲಿದೆ. ಹಳೆಯ ಕ್ರಮದ ಪಂಡಿತನೂ ಹೊಸ ಸಿದ್ಧಾಂತ ಬಲ್ಲವನೂ ಕುಳಿತು ಮಾತನಾಡುತ್ತಾರೆ. ಪಂಡಿತನನ್ನು ಮೂರ್ಖನೆಂದು ಹೊರಗೆ ಹಾಕದೆ ಎದುರಿಗೆ ಕೂಡಿಸಿಕೊಂಡರು ಆಚಾರಿಯವರು. ನೂರೈವತ್ತು ವರ್ಷಗಳ ಹಿಂದಿನ ಆ ಸೌಜನ್ಯ ನಮ್ಮ ಗೋಷ್ಠಿಗಳಿಗೆ ಈಗ ದುಬಾರಿಯಾಗಿದೆ.

ಮತ್ತೆ 1980ಕ್ಕೆ ಬರೋಣ. ಬೆಂಗಳೂರಿನ ಖಭೌತ ಸಂಸ್ಥೆಯವರು ಹುಬ್ಬಳ್ಳಿಯ ಬಳಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ಉಪಕರಣ ಹೂಡಿದ್ದರು. ದೇಶವಿದೇಶದ ವಿಜ್ಞಾನಿಗಳು ಬಂದಿದ್ದರು. ಅತ್ತ ದಿಲ್ಲಿಯ ದೂರದರ್ಶನ, ಜನ ಹೊರಗೆ ಬಂದು ಕಣ್ಣು ಕೆಡಿಸಿಕೊಳ್ಳದಿರಲೆಂದು, ಮಧ್ಯಾಹ್ನವೇ ಸಿನೆಮಾ ಹಾಕಿ ಕೂಡಿಸಿತು. ಕನ್ನಡನಾಡಿನ ನಟ್ಟನಡುವೆ ಹಗಲು ಇರುಳಾದ ಆ ಹೊತ್ತನ್ನು ಕುರಿತು ಸಂಸ್ಥೆಯ ವರದಿಗಳಿವೆ, ಜಾತಕಫಲಗಳಿವೆ. ಕಂಡವರ ಮಾತನ್ನು ಒಟ್ಟುಗೂಡಿಸಿದ ಒಂದು ಸಂಪುಟ ಮಾತ್ರ ನಮ್ಮ ಗ್ರಂಥಾಲಯದ ಕಪಾಟಿನಲ್ಲಿಲ್ಲ. ಹಂತಿಯ ಪದ, ಬೀಸುವ ಪದ ಎಂದು ಊರೂರು ಅಲೆದು ಸಂಗ್ರಹಿಸಿದ ನಾವು, ಕನ್ನಡ ಎಂ. ಎ. ಮಾಡಿದವರು, ಇದನ್ನು ನಮ್ಮ ಕೆಲಸವೆಂದುಕೊಳ್ಳಲಿಲ್ಲ. ಪದವಾಗಿದ್ದರೆ ಬರೆದುಕೊಳ್ಳುತ್ತಿದ್ದೆವು, ಬರಿಯ ಅನುಭವವಾದ್ದರಿಂದ ಬಿಟ್ಟೆವು.

ಅವ್ವನ ಮಾತು ಕೇಳಿದ ಮೇಲೆ ನಾನು ಆ ಕಡೆ ಹೋದಾಗಲೆಲ್ಲ ಹಿರಿಯರನ್ನು ಕೇಳುವುದಿಟ್ಟುಕೊಂಡೆ. ನರೇಗಲ್ಲಿನ ಕಡೆಯ ಕುರಿ ಕಾಯುವ ಅಜ್ಜನೊಬ್ಬ, ಕುರಿಗಳು ಹೆದರಿದುವೇ ಎಂದದ್ದಕ್ಕೆ ನನ್ನನ್ನೇ ಪಾಪವೆಂಬಂತೆ ನೋಡಿದ. “ಕುರಿ ಯಾಕ ಹೆದರ್ತಾವ್ರಿ? ಹೊತ್ತು ಮುಣಗಿತು ಅಂದು ಹಟ್ಟಿ ಕಡಿ ಹೊಂಟವು. ಹೆದರಿದಾಂವ ನಾನು. ಎರಡು ಚಿಕ್ಕಿ ಕಂಡವು. ಹಗಲಿನ್ಯಾಗ ಚಿಕ್ಕಿ ನೋಡಿದಾಂವ ಉಳಿಯೂದಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಉಳದೇನಿ ನೋಡ್ರಿ” ಎಂದು ಬೊಚ್ಚು ಬಾಯಿ ತೆರೆದು ನಕ್ಕ. ಹುಬ್ಬಳ್ಳಿ–ಕಾರವಾರ ದಾರಿಯಲ್ಲಿ ಬಸ್ಸಿನ ಕಂಡಕ್ಟರಾಗಿದ್ದವರೊಬ್ಬರು, ಯಲ್ಲಾಪುರದ ಕಾಡಿನಲ್ಲಿ ಬಸ್ಸು ನಿಲ್ಲಿಸಿದಾಗ ಜೀರುಂಡೆಗಳು ಒಮ್ಮೆಲೇ ಹಾಡತೊಡಗಿದ್ದನ್ನು ಹೇಳಿದರು. ಒಳಗೆ ಹತ್ತೋ ಹದಿನೈದೋ ಜನ. ಒಬ್ಬಾಕೆ ಅತ್ತಳು, ಒಬ್ಬ ಮುದುಕ ಟಿಕೀಟಿನ ಚಿಲ್ಲರೆ ಬಾಕಿ ಕೇಳಿದ. ಬೆಳಕು ಮರಳಿದಾಗ, ಜಗತ್ತನ್ನು ಈಗಷ್ಟೇ ತೊಳೆದಿಟ್ಟಂತಿತ್ತು ಎಂದರು ಕಂಡಕ್ಟರು, ಆಮೇಲೆ ತಮ್ಮ ಮಾತಿಗೆ ತಾವೇ ನಾಚಿದರು.

ಕೊಪ್ಪಳದ ನಿವೃತ್ತ ಮಾಸ್ತರರೊಬ್ಬರದು ಬೇರೆ ಕತೆ. ಲಾಟೀನಿನ ಮಸಿ ಹಿಡಿಸಿದ ಗಾಜಿನಿಂದ, ಸೂರ್ಯ ಇನ್ನೂ ಅರ್ಧ ಉಳಿದಿರುವಾಗಲೇ, ಬಹಳ ಹೊತ್ತು ಬಲಗಣ್ಣಿನಲ್ಲಿ ನೋಡಿದರು. ನೋವೇ ಆಗಲಿಲ್ಲವಂತೆ, ಆಗುವುದೂ ಇಲ್ಲ, ಕಣ್ಣಿನ ಒಳಪರದೆಗೆ ನೋವು ತಿಳಿಯದು. ಮರುದಿನ ಪುಸ್ತಕ ತೆರೆದರೆ ನೋಡಿದ ಅಕ್ಷರವೇ ಕಾಣಿಸದು, ಅದರ ಆಚೀಚಿನವು ಕಾಣುತ್ತವೆ. ಆ ಕಲೆ ಇಂದಿಗೂ ಉಳಿದಿದೆ. ಆದ್ದರಿಂದ, ಹೊರಗೆ ಬನ್ನಿ ಎಂದು ಕೂಗುವ ನಾನು ಇದನ್ನೂ ಕೂಗಿ ಹೇಳಬೇಕು: ಮಸಿ ಗಾಜು, ಹಳೆಯ ಎಕ್ಸ್‌ರೇ ಹಾಳೆ, ತಂಪು ಕನ್ನಡಕ ಯಾವುದೂ ಕೂಡದು, ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಬೇಕು, ಇಲ್ಲವೇ ಅವ್ವನ ತೂತು ಸಾಕು. ಖಗ್ರಾಸದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಎರಡು ಮೂರು ನಿಮಿಷ ಮಾತ್ರ 
ಬರಿಗಣ್ಣು ನಡೆಯುತ್ತದೆ. ಅಜ್ಜಿಯ ಭಯದಲ್ಲಿ ಒಂದು ಕಾಳು ಸತ್ಯವಿತ್ತು. ಆದರೆ ಅಪಾಯವಿರುವುದು ನೋಡುವವನ ಕಣ್ಣಿಗೆ, ಬಸುರಿಯ ಹೊಟ್ಟೆಗಲ್ಲ. ಮಾಸ್ತರರನ್ನು, ನೋಡಬಾರದಿತ್ತು ಎನಿಸುತ್ತದೆಯೇ ಎಂದು ಕೇಳಿದೆ. “ಎಡಗಣ್ಣು ಅದ ಅಲ್ಲ” ಎಂದರು.

ಇವರೆಲ್ಲರನ್ನೂ ಭಯ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಬಹುದೇ? ಹೆದರಿಕೆಯಿದೆ, ಹೌದು. ಅದರ ಪಕ್ಕದಲ್ಲೇ ನಗು, ನಾಚಿಕೆ, ಚಿಲ್ಲರೆ ಬಾಕಿ, ಹಟ, ಇನ್ನೂ ಏನೇನೋ ಇವೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. 2019ರ ಆ ಕಂಕಣ ಗ್ರಹಣ ಬೆಂಗಳೂರಿನಲ್ಲಿ ಪಾರ್ಶ್ವವಾಗಿ ಕಂಡಿತು. ಬೆಳಗಿನ ಒಂಬತ್ತೂವರೆಯ ಹೊತ್ತಿಗೆ ಸೂರ್ಯನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮುಚ್ಚಿತ್ತು. ನಾನಿದ್ದ ಕಾಲೇಜಿನಲ್ಲಿ ಹಿಂದಿನ ದಿನವೇ ಸುತ್ತೋಲೆ ಬಂದಿತ್ತು: ಎಂಟರಿಂದ ಹನ್ನೊಂದರವರೆಗೆ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬರಕೂಡದು, ಕಿಟಕಿಗಳು ಮುಚ್ಚಿರಬೇಕು. ಭೌತಶಾಸ್ತ್ರದ ವಿಭಾಗವೂ ಅದಕ್ಕೆ ತಲೆಬಾಗಿತು. ನಾನೂ ತಲೆಬಾಗಿದೆ. ಅವ್ವನ ಕತೆ ಆಗಲೇ ಕೇಳಿದ್ದವನು ನಾನು, ಕಿಟಕಿ ಹಾಕಿಸಿ, ದೀಪ ಹೊತ್ತಿಸಿ, ಕುಮಾರವ್ಯಾಸನ ಪಾಠ ಮಾಡುತ್ತಿದ್ದೆ. ಬಾಗಿಲ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ಬಿಟ್ಟು ಅಂಗಳದ ಕಲ್ಲುಹಾಸನ್ನೇ ನೋಡುತ್ತಿದ್ದಳು. ಗದರಲು ಹೋದೆ. “ಸಾರ್, ಹೊಂಗೆ ಮರದ ಕೆಳಗೆ ನೋಡಿ” ಎಂದಳು. ಎಲೆಗಳ ಸಂದುಸಂದಿನಿಂದ ಬಿದ್ದ ಬಿಸಿಲು ನೂರಾರು ಕುಡುಗೋಲುಗಳಾಗಿ ಕಲ್ಲಿನ ಮೇಲೆ ಅಲುಗಾಡುತ್ತಿತ್ತು.

ತರಗತಿ ಹೊರಗೆ ಬಂತು. ನಾನು ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಅವರು ಬಂದರು, ನಾನು ಹಿಂದೆ ಬಂದೆ. ಒಬ್ಬ ಅಂಗೈ ಒಡ್ಡಿ ಕುಡುಗೋಲನ್ನು ಹಿಡಿದ. ಇಬ್ಬರು ಹುಡುಗಿಯರು ಮನೆಯವರಿಗೆ ಹೆದರಿ ಬಾಗಿಲಲ್ಲೇ ನಿಂತು, ದುಪಟ್ಟಾದಿಂದ ತಲೆ ಮುಚ್ಚಿಕೊಂಡು, ಅಲ್ಲಿಂದಲೇ ಬಗ್ಗಿ ನೋಡಿದರು. ಇನ್ನೊಬ್ಬ ಸುತ್ತ ನೋಡಿ, “ಸಾರ್, ಇಷ್ಟೇನಾ? ಕತ್ತಲೇ ಆಗಲಿಲ್ಲವಲ್ಲ” ಎಂದು ಮುಖ ಸಿಂಡರಿಸಿದ. ಹತ್ತನೇ ಒಂದು ಪಾಲು ಉಳಿದ ಸೂರ್ಯ ಇಡೀ ಊರನ್ನು ಬೆಳಗಲು ಸಾಕು, ಬಿಸಿಲು ತುಸು ತೆಳ್ಳಗಾಗಿ ತಂಪಾಗುತ್ತದೆ, ಅಷ್ಟೆ ಎಂಬುದು ಆ ಹುಡುಗನಿಗೆ ಯಾವ ಪಾಠವೂ ಇಲ್ಲದೆ ತಿಳಿಯಿತು. ಅವನ “ಇಷ್ಟೇನಾ” ಎಂಬುದನ್ನು ಗ್ರಹಣ ಕುರಿತು ನಾನು ಕೇಳಿದ ಎಷ್ಟೋ ಭಾಷಣಗಳಿಗಿಂತ ಮೇಲೆ ಇಡುತ್ತೇನೆ. ಅವನು ನೋಡಿ ಹೇಳಿದ. ಮರುದಿನ ನನಗೆ ಕಾರಣ ಕೇಳಿ ಒಂದು ಚೀಟಿ ಬಂತು. ಕುಮಾರವ್ಯಾಸನ ಪಾಠದ ಅಂಗವಾಗಿ ಎಂದು ಉತ್ತರ ಕೊಟ್ಟೆ. ಯಾರೂ ಮರುಪ್ರಶ್ನೆ ಕೇಳಲಿಲ್ಲ.

1980ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. 2031ರ ಮೇ 21ರ ಕಂಕಣ ಗ್ರಹಣದ ದಾರಿ ಕೇರಳ, ತಮಿಳುನಾಡುಗಳ ಮೇಲಿದೆ. 2034ರ ಮಾರ್ಚ್ 20ರ ಖಗ್ರಾಸ ಕಾಣುವುದು ದೇಶದ ತುತ್ತತುದಿಯಲ್ಲಿ, ಕಾಶ್ಮೀರ, ಲಡಾಖುಗಳ ಕಡೆ. ನಮ್ಮ ನೆಲದ ಮೇಲೆ ನಿಂತು ಹಗಲಿನಲ್ಲಿ ಚಿಕ್ಕಿ ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನರೇಗಲ್ಲಿನ ಅಜ್ಜ ಹೋಗಿ ಎರಡು ವರ್ಷವಾಯಿತು. ಕಾರವಾರದಿಂದ ರಾಯಚೂರಿನವರೆಗೆ ಆ ನೆರಳಿನ ದಾರಿಯಲ್ಲಿ ಎಷ್ಟು ಕಾಲೇಜುಗಳಿವೆ, ಎಷ್ಟು ಕನ್ನಡ ವಿಭಾಗಗಳಿವೆ! ಕಿರುಪ್ರಬಂಧಕ್ಕೆ ವಿಷಯವಿಲ್ಲವೆಂದು ಹುಡುಗರು ಪೇಚಾಡುತ್ತಾರೆ. ಅವರ ಕೈಗೆ ಒಂದು ನೋಟುಬುಕ್ಕು ಕೊಟ್ಟು, ಅಜ್ಜಿಯ ಹತ್ತಿರ ಕೂತು, ಅವತ್ತು ಏನು ಕಂಡೆ ಎಂಬ ಒಂದೇ ಪ್ರಶ್ನೆ ಕೇಳಿ ಬಾ, ಏನು ನಂಬಿದೆ ಎಂದು ಕೇಳಬೇಡ ಎಂದು ಕಳಿಸಲು ಯಾವ ಅನುದಾನ ಬೇಕು? ಕೋಣೆಯಲ್ಲಿ ಕೂತವರನ್ನೂ ಬಿಡಕೂಡದು. ಗದಗಿನಲ್ಲಿ ಅಂದು ಮುಚ್ಚಿದ ಕಿಟಕಿ ಒಂದೇ ಅಲ್ಲ, ಮೊಳೆ ಬಿದ್ದುಹೋದ ಕದವೂ ಒಂದೇ ಇರಲಾರದು.

2022ರ ಅಕ್ಟೋಬರ್ 25, ದೀಪಾವಳಿಯ ಅಮಾವಾಸ್ಯೆ. ಹಬ್ಬಕ್ಕೆಂದು ಊರಿಗೆ ಹೋಗಿದ್ದೆ. ಆ ಸಂಜೆ ಸೂರ್ಯ ಗ್ರಹಣ ಹಿಡಿದುಕೊಂಡೇ ಮುಳುಗಿದ. ಅವ್ವನ ಕೈಹಿಡಿದು ಮಾಳಿಗೆಗೆ ಹತ್ತಿಸಿದೆ. ಕೈಯಲ್ಲಿ ಬೆಂಗಳೂರಿನಿಂದ ಒಯ್ದಿದ್ದ ಗ್ರಹಣದ ಕನ್ನಡಕ. ಓಣಿಯ ಮನೆಗಳೆಲ್ಲ ಬಾಗಿಲು ಹಾಕಿದ್ದವು. ಅವಳು ಕನ್ನಡಕವನ್ನು ಹಿಂದೆ ಮುಂದೆ ತಿರುವಿ ನೋಡಿ, ಸೆರಗಿನಿಂದ ಒರೆಸಿ, ಕಣ್ಣಿಗಿಟ್ಟುಕೊಂಡಳು. ಅಂಚಿನಲ್ಲಿ ಯಾರೋ ಕಚ್ಚಿಟ್ಟಂತಿದ್ದ ಪುಟ್ಟ ಸೂರ್ಯ ದಿಗಂತಕ್ಕೆ ಇಳಿಯುತ್ತಿದ್ದ. ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕವನ್ನು ನನ್ನ ಕೈಗೆ ಕೊಟ್ಟು, “ಚೀಲದ ಮ್ಯಾಲಿನದು ಇದಕ್ಕಿಂತ ದೊಡ್ಡದಿತ್ತೋ ತಮ್ಮಾ” ಎಂದಳು.